ಅರ್ಥಕ್ಕೊಬ್ಬ ಆಸಾಮಿ

ಅಕ್ಕೋರ ಬಗ್ಗೆ ಒಂದು ಪುಟ ಬರೆದುಕೊಡಿ ಎಂದು ನಮ್ಮ ಕನ್ನಡ ಕೂಟದ ಸಂಚಿಕೆಯ ಸಂಪಾದಕರು ಫೋನು ಮಾಡಿದ್ದರು. ಒಂದೇ ಪುಟ ಎಂದು ಒತ್ತಿ ಹೇಳಿದರು. ಹಾಗೆ ಒತ್ತಿ ಹೇಳುವ ಅಗತ್ಯವೇನಿತ್ತೋ ಕಾಣೆ. ನಾನು ಮಾತು ಜಾಸ್ತಿ ಆಡುತ್ತೇನೆ ಎಂದು ಈ ಊರಿನಲ್ಲಿ ಒಂದು ಪುಕಾರು ಇದೆ, ಅದಕ್ಕೆ ಮೂಲ ಅಕ್ಕೋರೇ. ಹೋದ ತಿಂಗಳು ಅವರು ತೀರಿಕೊಂಡರು. ಸತ್ತವರ ಮೇಲೆ ದೂರು ಹೇಳಬಾರದು ಎನ್ನುತ್ತಾರೆ, ಒಪ್ಪುತ್ತೇನೆ. ಆದರೆ ಅಕ್ಕೋರು ಬದುಕಿದ್ದಾಗಲೂ ನನಗೆ ದೂರು ಹೇಳಲು ಬಿಡಲಿಲ್ಲವಲ್ಲ, ಇನ್ನು ಯಾವಾಗ ಹೇಳಿಕೊಳ್ಳಲಿ?

ಧಾರವಾಡದ ಕಡೆ ಶಾಲೆಯ ಹೆಣ್ಣು ಮೇಷ್ಟ್ರಿಗೆ ಅಕ್ಕೋರು ಎನ್ನುತ್ತಾರೆ. ನಾನು ಮೈಸೂರಿನವನು, ಈ ಮಾತು ನನಗೆ ಗೊತ್ತಿರಲಿಲ್ಲ. ಮೊದಲ ಸಲ ಕೇಳಿದಾಗ ಅವರ ಅಡ್ಡಹೆಸರೇ ಅದಿರಬೇಕು ಅಂದುಕೊಂಡಿದ್ದೆ. ಧಾರವಾಡದ ಹುಡುಗಿಯರ ಕನ್ನಡ ಶಾಲೆಯಲ್ಲಿ ಸರ್ವಿಸು ಪೂರ್ತಿ ಇಂಗ್ಲಿಷು ಕಲಿಸಿ ನಿವೃತ್ತರಾಗಿ, ಮೊಮ್ಮಗಳನ್ನು ನೋಡಿಕೊಳ್ಳಲು ಪರದೇಶದ ಈ ಕ್ಯಾಂಪ್‌ಬೆಲ್ಲಿನಲ್ಲಿದ್ದ ಮಗಳ ಮನೆಗೆ ಬಂದವರು. ಇಳಕಲ್ ಸೀರೆ, ಅದರ ಮೇಲೆ ಅಳಿಯಂದಿರ ಕಂಪನಿಯವರು ಪುಕ್ಕಟೆ ಕೊಟ್ಟ ಜಾಕೆಟ್ಟು, ಕಾಲಿಗೆ ಬಿಳೀ ಓಟದ ಶೂ. ದವಡೆಯಲ್ಲಿ ಸದಾ ಒಂದು ಲವಂಗ. ಫ್ರೀವೇಯಲ್ಲಿ ಯಾರಾದರೂ ಸುಮ್ಮಸುಮ್ಮನೆ ಲೇನು ಬದಲಿಸುತ್ತ ಹೋದರೆ, ಹಿಂದಿನ ಸೀಟಿನಲ್ಲಿ ಕೂತು ‘ಕ್ಯಾಪ್ರಿಶಸ್’, ಅಂದರೆ ಚಂಚಲ, ಎಂದು ತಮ್ಮಷ್ಟಕ್ಕೆ ತಾವೇ ಹೇಳಿಕೊಳ್ಳುತ್ತಿದ್ದರು. ಅವನಿಗೆ ಮಾರ್ಕು ಹಾಕಿದ ಹಾಗೆ ಇರುತ್ತಿತ್ತು ಆ ದನಿ.

ಅವರ ಪಾಠ ಶುರುವಾದದ್ದು ನಮ್ಮ ಮನೆಯಲ್ಲೇ. ನನ್ನ ಮಗಳು ಆಗ ಹತ್ತನೇ ಕ್ಲಾಸು. ಕಾಲೇಜು ಪ್ರವೇಶದ ಪರೀಕ್ಷೆಗೆ ದೊಡ್ಡ ದೊಡ್ಡ ಇಂಗ್ಲಿಷ್ ಪದಗಳನ್ನು ಕಲಿಯಬೇಕೆಂದು ನಾನು ಒಂದು ಪೆಟ್ಟಿಗೆ ಕಾರ್ಡು ತಂದುಕೊಟ್ಟಿದ್ದೆ. ಮುಂದೆ ಪದ, ಹಿಂದೆ ಅರ್ಥ. ಭಾನುವಾರ ಗಿಳಿಯ ಹಾಗೆ ಒಪ್ಪಿಸುತ್ತಿದ್ದಳು, ಬುಧವಾರದ ಹೊತ್ತಿಗೆ ಒಂದೂ ನೆನಪಿರುತ್ತಿರಲಿಲ್ಲ. ನಾನು ಕೂಗಾಡುತ್ತಿದ್ದೆ, ಅವಳು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅರಿಶಿನ ಕುಂಕುಮಕ್ಕೆಂದು ತಮ್ಮ ಮಗಳ ಜೊತೆ ಬಂದಿದ್ದ ಅಕ್ಕೋರು ಒಂದು ದಿನ ಈ ರಾಮಾಯಣ ಕೇಳಿಸಿಕೊಂಡು, ಮೇಜಿನ ಮೇಲಿದ್ದ ಒಂದು ಕಾರ್ಡು ಎತ್ತಿಕೊಂಡರು. ‘ಲಕಾನಿಕ್’ ಎಂದಿತ್ತು. ಬಹಳ ಕಡಿಮೆ ಮಾತಾಡುವವನು ಎಂದು ಅರ್ಥ. ಇಂಥವರನ್ನು ಯಾರನ್ನಾದರೂ ನೋಡಿದ್ದೀಯೇನವ್ವಾ ಎಂದು ನನ್ನ ಮಗಳನ್ನು ಕೇಳಿದರು. ಅವಳು ನನ್ನ ಮುಖ ನೋಡಿ, ಇಲ್ಲ ಎಂದಳು.

“ನಮ್ಮ ಅಳಿಯಂದ್ರನ್ನ ನೋಡಿಲ್ಲೇನು?” ಎಂದರು ಅಕ್ಕೋರು.

ಅವರ ಅಳಿಯ ಒಂದು ತಿಂಗಳು ಇಂಡಿಯಾಕ್ಕೆ ಹೋಗಿಬಂದಾಗ, ಹೇಗಿತ್ತು ಎಂದು ಕೇಳಿದರೆ “ಬಿಸಿಲು” ಎಂದಿದ್ದ ಮಹಾನುಭಾವರು. ನನ್ನ ಮಗಳು ಬಿದ್ದು ಬಿದ್ದು ನಕ್ಕಳು. ಆ ಪದ ಅವಳು ಇವತ್ತಿಗೂ ಮರೆತಿಲ್ಲ. ಅಕ್ಕೋರು ಕಾರ್ಡನ್ನು ಪೆಟ್ಟಿಗೆಗೆ ಹಾಕುತ್ತ, “ಅರ್ಥಕ್ಕ ಒಬ್ಬ ಆಸಾಮಿ ಬೇಕವಾ. ಆಸಾಮಿ ಇಲ್ಲದ ಅರ್ಥ ಅಂದ್ರ ಬಾಡಿಗಿಗೆ ಹೋಗದ ಮನಿ ಇದ್ಧಂಗ. ಒಳಗ ದೀಪ ಹಚ್ಚವ್ರ ಇರೂದಿಲ್ಲ” ಎಂದರು.

ಮುಂದಿನ ಶನಿವಾರದಿಂದ ಅವರ ಮಗಳ ಮನೆಯ ಗ್ಯಾರೇಜಿನಲ್ಲಿ ನಮ್ಮ ಕೂಟದ ಮಕ್ಕಳಿಗೆಲ್ಲ ಕ್ಲಾಸು. ಕಾರುಗಳನ್ನು ಹೊರಗೆ ನಿಲ್ಲಿಸಿ, ಸಿಮೆಂಟು ನೆಲದ ಮೇಲೆ ಬಳಪದಲ್ಲಿ ಆ ದಿನದ ಪದ ಬರೆದು, ಸುತ್ತ ಒಂದು ಚೌಕ ಎಳೆಯುತ್ತಿದ್ದರು, ಕುಂಟೆಬಿಲ್ಲೆ ಆಟಕ್ಕೆ ಎಳೆದ ಹಾಗೆ. ಅರ್ಥ ಹೇಳುತ್ತಿದ್ದರು. ಆಮೇಲೆ, ಈ ಪದದಲ್ಲಿ ಯಾರನ್ನು ಕೂರಿಸೋಣ ಎಂದು ಕೇಳುತ್ತಿದ್ದರು. ಗೊತ್ತಿದ್ದ ಹುಡುಗರು ಚೌಕದೊಳಗೆ ಚಕ್ಕಂಬಕ್ಕಳ ಹಾಕಿ ಕೂತು, ಆ ಮನುಷ್ಯ ಹೇಗೆ ಮಾತಾಡುತ್ತಾನೋ ಹಾಗೆ ಆಡಿ ತೋರಿಸಬೇಕು. ಸಂಜೆ ಅಳಿಯಂದಿರ ಕಾರು ಬಂದು ಆ ಪದಗಳ ಮೇಲೆ ನಿಲ್ಲುತ್ತಿತ್ತು. ಹುಡುಗರಿಗೆ ಅಷ್ಟರಲ್ಲಿ ಅವು ಬಾಯಿಪಾಠವಾಗಿರುತ್ತಿದ್ದವು.

ಮನಸ್ಸಿಗೆ ಬಂದವರನ್ನೆಲ್ಲ ಕೂರಿಸುವ ಹಾಗಿರಲಿಲ್ಲ. ಸಾಕ್ಷಿ ಬೇಕು. ನನ್ನ ಮಗಳು ತನ್ನ ಗಣಿತದ ಟೀಚರನ್ನು ‘ಮಲೀಶಸ್’ ಎಂಬ ಪದದಲ್ಲಿ, ಅಂದರೆ ಕೇಡು ಬಯಸುವವರ ಜಾಗದಲ್ಲಿ, ಕೂರಿಸಲು ಹೊರಟಿದ್ದಳಂತೆ. ಸಾಕ್ಷಿ ಏನು ಎಂದರೆ ಮಾರ್ಕು ಕಡಿಮೆ ಕೊಟ್ಟರು ಎಂದಳಂತೆ. ಅದು ಅವರ ಗುಣವಲ್ಲ, ನಿನ್ನ ಗಣಿತ ಎಂದು ಹೇಳಿ ಅಕ್ಕೋರು ಟೀಚರನ್ನು ಬಿಡುಗಡೆ ಮಾಡಿದರಂತೆ. ಇನ್ನೊಂದು ನಿಯಮ: ಗ್ಯಾರೇಜಿನ ಮಾತು ಗ್ಯಾರೇಜಿನಲ್ಲೇ ಇರಬೇಕು. ಇದೆಲ್ಲ ನಮಗೆ ಆಮೇಲೆ ಗೊತ್ತಾದದ್ದು. ಆಗ ನಮಗೆ ಕಂಡದ್ದು, ಪದಗಳು ಬರುತ್ತಿವೆ ಎಂಬುದಷ್ಟೇ.

ಇನ್ನೊಂದೂ ಕಂಡಿತು. ಯಾರ ಮನೆಯಲ್ಲಿ ಊಟಕ್ಕೆ ಸೇರಿದರೂ ಮಹಡಿ ಹತ್ತಿ ಫೋನು ಹಿಡಿದು ಕೂರುತ್ತಿದ್ದ ಹುಡುಗರು ಈಗ ಕೆಳಗೇ, ನಮ್ಮ ಮಧ್ಯೆಯೇ ಕೂರತೊಡಗಿದರು. ದೊಡ್ಡವರು ಆಡುವ ಕನ್ನಡವನ್ನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಅರ್ಥವಾಗದಿದ್ದರೆ ಅಮ್ಮಂದಿರ ಕಿವಿಯಲ್ಲಿ ಕೇಳುತ್ತಿದ್ದರು. ಮಕ್ಕಳಿಗೆ ನಮ್ಮ ಸಂಸ್ಕೃತಿಯಲ್ಲಿ ಆಸಕ್ತಿ ಬಂತಲ್ಲ ಎಂದು ನಾವೆಲ್ಲ ಹಿರಿಹಿರಿ ಹಿಗ್ಗಿದೆವು. ಆ ವರ್ಷದ ರಾಜ್ಯೋತ್ಸವದಲ್ಲಿ ನಾನು ಇದರ ಬಗ್ಗೆ ಒಂದು ಸಣ್ಣ ಭಾಷಣವನ್ನೂ ಮಾಡಿದೆ. ಸಣ್ಣದು ಎಂದು ನಾನು ಹೇಳುತ್ತೇನೆ, ನನ್ನ ಹೆಂಡತಿಯ ಲೆಕ್ಕ ಬೇರೆ. ಮುಂದಿನ ಸಾಲಿನಲ್ಲಿ ಕೂತಿದ್ದ ಆ ಹುಡುಗರು ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದರು. ಸಾಕ್ಷಿ ಸಂಗ್ರಹಿಸುತ್ತಿದ್ದರು ಎಂದು ಹೇಗೆ ಗೊತ್ತಾಗಬೇಕು?

ಗುಟ್ಟು ರಟ್ಟಾದದ್ದು ಒಂದು ಗೃಹಪ್ರವೇಶದಲ್ಲಿ. ರೆಡ್‌ವುಡ್ ಸಿಟಿಯ ದೊಡ್ಡ ಸಾಫ್ಟ್‌ವೇರ್ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ ನಮ್ಮ ಬೆಂಗಳೂರಿನವರೊಬ್ಬರು ಗುಡ್ಡದ ಬುಡದಲ್ಲಿ ಮನೆ ಕಟ್ಟಿಸಿದ್ದರು. ಸತ್ಯನಾರಾಯಣ ಪೂಜೆ ಮುಗಿದ ಮೇಲೆ ಅವರ ಹೆಂಡತಿ ಎಲ್ಲರಿಗೂ ಅಡುಗೆಮನೆ ತೋರಿಸಿದರು. ಇಟಲಿಯಿಂದ ತರಿಸಿದ ನೆಲ. ಮೂರು ಸಿಂಕು. ಒಂದು ತರಕಾರಿಗೆ, ಒಂದು ಪಾತ್ರೆಗೆ. ಮೂರನೆಯದು ಯಾತಕ್ಕೆ ಎಂದು ಯಾರೋ ಕೇಳಿದರೆ, ಯಜಮಾನರು “ಇರ್ಲಿ ಅಂತ” ಎಂದರು. ಆಗ ಅಕ್ಕೋರ ಮೊಮ್ಮಗಳು, ಹನ್ನೊಂದು ವರ್ಷದ ಹುಡುಗಿ, ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ಬಹಳ ಮೆಚ್ಚಿಗೆಯಿಂದ, “ಆಂಟೀ, ಸೋ ಆಸ್ಟೆಂಟೇಷಸ್” ಎಂದಳು.

ಮನೆಯಾಕೆ ಅವಳ ಗಲ್ಲ ಹಿಡಿದು ಥ್ಯಾಂಕ್ಯೂ ಪುಟ್ಟೀ ಎಂದರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆಮೇಲೆ ಬಂದ ಪ್ರತಿಯೊಂದು ಗುಂಪಿಗೂ, ನೋಡಿ, ಎಲ್ಲರೂ ನಮ್ಮ ಕಿಚನ್ನು ಆಸ್ಟೆಂಟೇಷಸ್ ಅಂತಿದಾರೆ ಎಂದು ತಾವೇ ಹೇಳಿಕೊಂಡರು. ಬಂದವರೂ ತಲೆಯಾಡಿಸಿ ಹೌದು ಹೌದು ಎಂದರು. ನಾನೂ ಎಂದೆ. ನನಗೂ ಆ ಪದ ಸರಿಯಾಗಿ ಗೊತ್ತಿರಲಿಲ್ಲ, ಭವ್ಯ ಎಂದೋ ಏನೋ ಇರಬೇಕು ಎಂದುಕೊಂಡಿದ್ದೆ. ಊಟಕ್ಕೆ ಕೂತಾಗ ನೋಡುತ್ತೇನೆ, ಬಲಗೈಯಲ್ಲಿ ಕೋಸಂಬರಿ ಕಲಸುತ್ತ ಪಂಕ್ತಿಗೆ ಪಂಕ್ತಿಯೇ ಎಡಗೈಯಲ್ಲಿ ಫೋನು ತೆಗೆದು ಎಲೆಯ ಕೆಳಗೆ ಹಿಡಿದುಕೊಂಡು ಅರ್ಥ ಹುಡುಕುತ್ತಿದೆ. ಬಡಿಸಲು ನಿಂತಿದ್ದ ಯಜಮಾನರೂ ಕಂಬದ ಮರೆಗೆ ಹೋಗಿ ಹುಡುಕಿದರು. ನಾಲ್ಕು ಜನಕ್ಕೆ ಕಾಣಲಿ ಎಂದೇ ಮಾಡುವ ಆಡಂಬರ ಎಂದು ಅರ್ಥ. ಅವರ ಮುಖ ಸಪ್ಪಗಾಯಿತು. ಸಾರಿನ ಪಾತ್ರೆಯನ್ನು ಪಕ್ಕದವರ ಕೈಗೆ ಕೊಟ್ಟು, ಆ ಹುಡುಗಿಯ ಎದುರು ಬಂದು ಕೂತು, ಇದನ್ನು ನಿನಗೆ ಯಾರು ಕಲಿಸಿದರಮ್ಮ ಎಂದು ನಯವಾಗಿ ಕೇಳಿದರು. ಅಜ್ಜಿ ಎಂದಳು. ಇನ್ನೂ ಯಾವ ಯಾವ ಪದ ಬರುತ್ತದೆ ಎಂದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೇಳಿದ ಪಾಠ ಒಪ್ಪಿಸುವುದು ಒಳ್ಳೆಯ ವಿದ್ಯಾರ್ಥಿಯ ಧರ್ಮವಲ್ಲವೆ? ಹುಡುಗಿ ಪಂಕ್ತಿಯ ಉದ್ದಕ್ಕೂ ಒಬ್ಬೊಬ್ಬರನ್ನೇ ತೋರಿಸುತ್ತ ಹೋದಳು. ಎರಡು ವರ್ಷದಿಂದ ಯಾವ ವ್ಯಾನು ಕೊಳ್ಳಬೇಕೆಂದು ತೂಗಾಡುತ್ತಿದ್ದ ಸಾಂಟಾ ಕ್ಲಾರಾದ ಅಂಕಲ್ಲು ‘ವ್ಯಾಸಿಲೇಟ್’. ಯಾರ ಮನೆಗೆ ಹೋದರೂ ಬಾಗಿ ರಂಗೋಲಿಯ ಚುಕ್ಕಿ ಸರಿಮಾಡುತ್ತಿದ್ದ ಆಂಟಿ ‘ಫ್ಯಾಸ್ಟಿಡಿಯಸ್’. ಆಮೇಲೆ ನನ್ನ ಹತ್ತಿರ ಬಂದು, “ಅಂಡ್ ಅಂಕಲ್ ಈಸ್ ಗ್ಯಾರುಲಸ್” ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ಎಲ್ಲರ ಎಡಗೈಗಳೂ ಮತ್ತೆ ಕೆಳಗೆ ಹೋದವು. ನಾನು ಹುಡುಕಬೇಕಾಗಿ ಬರಲಿಲ್ಲ. ಪಕ್ಕದಲ್ಲಿ ಕೂತಿದ್ದ ನನ್ನ ಮಗಳು, ಸಾಕ್ಷಿಗೆ ಕರೆದವರಂತೆ, ಕೊರೆಯುವವನು ಎಂದು ಶುದ್ಧ ಕನ್ನಡದಲ್ಲಿ ಹೇಳಿದಳು. ನಾನು ಎರಡನೆಯ ಒಬ್ಬಟ್ಟು ಕೇಳದೆಯೇ ಎದ್ದೆ.

ಸಂಜೆಯೊಳಗೆ ಫೋನಿನ ಗ್ರೂಪುಗಳಲ್ಲೆಲ್ಲ ಇದೇ ಗಲಾಟೆ. ಕ್ಲಾಸಿನಿಂದ ಮಕ್ಕಳನ್ನು ಒಬ್ಬೊಬ್ಬರಾಗಿ ಬಿಡಿಸಿದರು. ಅಕ್ಕೋರ ಮಗಳು ಡಾಕ್ಟರು, ಈ ಊರಿನ ಅರ್ಧ ಮಕ್ಕಳಿಗೆ ಔಷಧಿ ಕೊಡುವಾಕೆ. ಅವಮಾನದಿಂದ ಅತ್ತು, ಅಮ್ಮಾ ಇನ್ನು ಸಾಕು ಎಂದು ಕಾರುಗಳನ್ನು ಗ್ಯಾರೇಜಿನೊಳಗೆ ತಂದು ನಿಲ್ಲಿಸಿದರು. ಪೋಷಕರ ಪರವಾಗಿ ಅಕ್ಕೋರ ಹತ್ತಿರ ಮಾತಾಡಲು ನನ್ನನ್ನು ಕಳಿಸಿದರು. ಮಾತಾಡೋಕೆ ನೀವೇ ಸರಿ ಎಂದು ಎಲ್ಲರೂ ಒಮ್ಮತದಿಂದ ಹೇಳಿದರು. ಅದರೊಳಗಿನ ಚುಚ್ಚು ನನಗೆ ಮನೆಗೆ ಬಂದ ಮೇಲೆ ಹೊಳೆಯಿತು.

ಅಕ್ಕೋರು ಹಿತ್ತಲಲ್ಲಿ ನಿಂಬೆಗಿಡದ ಕೆಳಗೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾನು ಮೊದಲು ನನ್ನ ವಿಷಯ ಇತ್ಯರ್ಥವಾಗಲಿ ಎಂದು, ನಾನು ಕೊರೆಯುವವನಲ್ಲ ಎಂಬುದನ್ನು ವಿವರಿಸಿದೆ. ನಮ್ಮ ತಾತ ಮೈಸೂರಿನ ಕೋರ್ಟಿನಲ್ಲಿ ವಕೀಲರಾಗಿದ್ದರು, ಆದ್ದರಿಂದ ವಿಷಯವನ್ನು ಬುಡದಿಂದ ಹೇಳುವುದು ನಮ್ಮ ವಂಶದ ಪದ್ಧತಿ, ಅದಕ್ಕೂ ವಾಚಾಳಿತನಕ್ಕೂ ವ್ಯತ್ಯಾಸವಿದೆ, ಆ ವ್ಯತ್ಯಾಸ ತಿಳಿಯಬೇಕಾದರೆ ಅಗ್ರಹಾರದ ಮನೆಯಲ್ಲಿ ನಡೆದ ಒಂದೆರಡು ಪ್ರಸಂಗ ಹೇಳಬೇಕು ಎಂದು ಶುರುಮಾಡಿ ಮುಗಿಸುವಷ್ಟರಲ್ಲಿ ಅವರೆಕಾಯಿ ಮುಗಿದಿತ್ತು. ನನ್ನ ಚಹಾ ತಣ್ಣಗಾಗಿತ್ತು. ಅಕ್ಕೋರು ಒಂದು ಮಾತೂ ಅಡ್ಡ ಹಾಕಲಿಲ್ಲ. ಕೊನೆಗೆ ಮಡಿಲಿನ ಸಿಪ್ಪೆ ಕೊಡವಿಕೊಂಡು, “ಇಷ್ಟು ಸಾಕ್ಷಿ ಸಾಕ್ರೀ” ಎಂದರು.

ಆಮೇಲೆ ಅವರೇ ಮಾತು ತೆಗೆದರು. ಆ ಗೃಹಪ್ರವೇಶದ ಹೆಣ್ಣುಮಗಳಿಗೆ ತುಂಬಿದ ಮನೆಯಲ್ಲಿ ಅವಮಾನವಾಯಿತು, ಅದು ತಪ್ಪೇ, ಮೊಮ್ಮಗಳದ್ದಲ್ಲ, ತಮ್ಮದು ಎಂದರು. ಕೆಟ್ಟ ಅರ್ಥದ ಪದಗಳಲ್ಲಿ ಕೂರಿಸಿದವರನ್ನೆಲ್ಲ ಎಬ್ಬಿಸಿಬಿಡುತ್ತೇನೆ, ಪುಸ್ತಕದಲ್ಲಿದ್ದ ಹಾಗೆಯೇ ಕಲಿಸುತ್ತೇನೆ, ಹುಡುಗರನ್ನು ಕಳಿಸಲು ಹೇಳಿ ಎಂದರು. ಅವರು ಅಷ್ಟು ಇಳಿದು ಕೇಳಿದ್ದಕ್ಕೆ ನನಗೇ ಒಂದು ಥರಾ ಆಯಿತು.

“ನೋಡ್ರಿ, ಈ ದೇಶದಾಗ ನಾ ಒಬ್ರಿಗೆ ಅವ್ವ, ಒಬ್ರಿಗೆ ಅತ್ತಿ, ಒಬ್ರಿಗೆ ಅಜ್ಜಿ. ಶನಿವಾರ ಮುಂಜಾನೆ ಎರಡು ತಾಸು ಅಷ್ಟ ನಾ ಅಕ್ಕೋರು. ಅದೂ ಹೋದ್ರ ಇಲ್ಲಿ ಇರೂದ್ಯಾಕ? ಧಾರವಾಡಕ್ಕ ಹೋಗಿ ತಂಗಿ ಮನ್ಯಾಗ ಇರ್ತೀನಿ.”

ನಾನು ಎಲ್ಲರ ಮನೆಗೂ ಹೋಗಿ ಇದನ್ನು ಹೇಳಿದೆ. ಬುಡದಿಂದಲೇ ಹೇಳಿದೆ. ಯಾರೂ ಕರಗಲಿಲ್ಲ. ಆ ಮೂರು ಸಿಂಕಿನ ಮನೆಯವರಿಗೆ ಅಷ್ಟು ಅವಮಾನವಾದ ಮೇಲೆ ಅವರ ಎದುರು ನಾವು ಮಕ್ಕಳನ್ನು ಕಳಿಸುವುದು ಹೇಗೆ ಎಂದರು. ಅದೂ ನ್ಯಾಯವೇ. ಶನಿವಾರ ಬೆಳಿಗ್ಗೆ ಅಕ್ಕೋರು ಗ್ಯಾರೇಜಿನಲ್ಲಿ ಕಾರಿನ ಪಕ್ಕ ಇದ್ದ ಸಂದಿಯಲ್ಲಿ ಕುರ್ಚಿ ಹಾಕಿಕೊಂಡು ಬಳಪದ ಡಬ್ಬಿ ಹಿಡಿದು ಸುಮ್ಮನೆ ಕೂತಿರುತ್ತಾರೆ ಎಂದು ನನ್ನ ಮಗಳು ಬಂದು ಹೇಳಿದಳು. ನನ್ನನ್ನು ಕೊರೆಯುವವನು ಎಂದವರ ಮೇಲೆ ಸಿಟ್ಟು ಇರಬೇಕಿತ್ತು, ಎಷ್ಟು ಹುಡುಕಿದರೂ ಸಿಗಲಿಲ್ಲ. ಅವರ ಮಗಳು ವಿಮಾನದ ಟಿಕೆಟ್ಟು ನೋಡುತ್ತಿದ್ದಾರೆ ಎಂಬ ಸುದ್ದಿಯೂ ಬಂತು.

ಒಂದು ಶನಿವಾರ ಬೆಳಿಗ್ಗೆ, ಹೊರಡುವ ಮುಂಚೆ ಒಂದು ಸಲ ಊಟಕ್ಕೆ ಕರೆಯೋಣ ಎಂದು ನಾನೂ ನನ್ನ ಹೆಂಡತಿಯೂ ಅವರ ಮನೆಗೆ ಹೋಗಿದ್ದೆವು. ಗ್ಯಾರೇಜಿನ ಬಾಗಿಲು ತೆರೆದಿತ್ತು, ಅಕ್ಕೋರು ಆ ಸಂದಿಯಲ್ಲೇ ಕೂತಿದ್ದರು. ನಾವು ಮಾತು ತೆಗೆಯುವಷ್ಟರಲ್ಲಿ ದೊಡ್ಡದೊಂದು ಕಾರು ಬಂದು ನಿಂತಿತು. ಇಳಿದದ್ದು ಆ ಗೃಹಪ್ರವೇಶದ ಮನೆಯಾಕೆ. ರಾಮಾ, ಇನ್ನೇನು ಕಾದಿದೆಯೋ ಎಂದು ನಾನು ಹೆಂಡತಿಯ ಮುಖ ನೋಡಿದೆ. ಅಕ್ಕೋರು ಎದ್ದು ನಿಂತು, ತಪ್ಪಾಗಿದೆಯವ್ವಾ ಎಂದು ಕೈಮುಗಿದರು. ಆಕೆ ಓಡಿಬಂದು ಆ ಕೈ ಹಿಡಿದುಕೊಂಡರು.

“ಜಗಳಕ್ಕೆ ಬಂದಿಲ್ಲ ಅಕ್ಕೋರೇ. ಆ ಮಗು ಹೇಳಿದ್ದಕ್ಕೆ ನಂಗೇನೂ ಬೇಜಾರಿಲ್ಲ. ನಾನು ಥ್ಯಾಂಕ್ಯೂ ಅಂದ್ನಲ್ಲ, ಅದೇ ನಿದ್ದೆ ಕೆಡಿಸ್ತಿರೋದು. ಇಲ್ಲಿಗೆ ಬಂದು ಇಷ್ಟು ವರ್ಷ ಆಯ್ತು. ಇವ್ರ ಆಫೀಸಿನ ಪಾರ್ಟೀಲಿ, ಮಕ್ಕಳ ಸ್ಕೂಲಲ್ಲಿ, ಎಷ್ಟು ಜನ ಏನೇನು ಅಂದ್ರೋ, ನಾನು ಎಷ್ಟು ಜನಕ್ಕೆ ಹೀಗೇ ನಗ್ತಾ ಥ್ಯಾಂಕ್ಯೂ ಅಂದಿದೀನೋ. ಹುಡುಗ್ರು ಬರದಿದ್ರೆ ಬೇಡ, ನಂಗೆ ಹೇಳ್ಕೊಡಿ.”

ಅಕ್ಕೋರು ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ, ತಡವಾಗಿ ಬಂದ ಹುಡುಗಿಗೆ ಹೇಳುವ ಹಾಗೆ, ಬಾ ಕೂಡು ಎಂದರು. ಆಕೆ ಕೂರಲಿಲ್ಲ.

“ಇನ್ನೊಂದು ಮಾತಿದೆ. ಆ ಪದದಲ್ಲಿ ಮಾತ್ರ ನನ್ನ ಕೂರಿಸ್ಬೇಡಿ. ನಾನು ಕೇಳಿದ್ದು ಒಂದೇ ಸಿಂಕು.”

ಸಾಕ್ಷಿ ಯಾರು ಎಂದು ಅಕ್ಕೋರು ಕೇಳಿದರು. ಕಂಟ್ರಾಕ್ಟರು ಎಂದರು ಆಕೆ. ಹಾಗಾದರೆ ಯಾರನ್ನು ಕೂರಿಸೋಣ ಎಂಬ ಪ್ರಶ್ನೆಗೆ ಆಕೆ ಉತ್ತರ ಹೇಳಬೇಕಾಗಲೇ ಇಲ್ಲ, ಮೂವರೂ ಹೆಂಗಸರು ಒಟ್ಟಿಗೇ ನಗಲು ಶುರುಮಾಡಿದರು. ಮೂರನೆಯವಳು ನನ್ನ ಹೆಂಡತಿ. ಅವಳು ಅಲ್ಲಿಯೇ, ಆ ಕ್ಷಣವೇ, ಕ್ಲಾಸಿಗೆ ಸೇರಿಕೊಂಡಳು. ಊಟಕ್ಕೆ ಕರೆಯುವುದನ್ನು ಎಲ್ಲರೂ ಮರೆತರು. ಟಿಕೆಟ್ಟಿನ ಮಾತೂ ಅಲ್ಲಿಗೆ ನಿಂತಿತು.

ಒಂದೆರಡು ತಿಂಗಳಲ್ಲಿ ಗ್ಯಾರೇಜು ಸಾಲದಾಯಿತು. ಕ್ಲಾಸು ಮೂರು ಸಿಂಕಿನ ಅಡುಗೆಮನೆಗೆ ಹೋಯಿತು. ಇಟಲಿಯ ನೆಲದ ಮೇಲೆ ಅಕ್ಕೋರು ಬಳಪದಲ್ಲಿ ಚೌಕ ಎಳೆಯುವಾಗ ಯಜಮಾನರು ಕಣ್ಣು ಮುಚ್ಚಿಕೊಳ್ಳುತ್ತಿದ್ದರಂತೆ. ಗಂಡಸರಿಗೆ ಪ್ರವೇಶವಿರಲಿಲ್ಲ. ಎದುರಿಗಿದ್ದರೆ ಸಾಕ್ಷಿ ಕೆಡುತ್ತದೆ ಎಂದು ಅಕ್ಕೋರ ಅಪ್ಪಣೆ. ಹುಡುಗರಾದರೂ ಊಟಕ್ಕೆ ಸೇರಿದ ದಿನವಷ್ಟೇ ನಮ್ಮನ್ನು ನೋಡುತ್ತಿದ್ದರು, ಈ ಹೆಂಗಸರಿಗೆ ವರ್ಷಗಟ್ಟಲೆಯ ಸಾಮಗ್ರಿ ಮನೆಯಲ್ಲೇ ಕೂತಿತ್ತು. ಊಟದ ಮಧ್ಯೆ ನನ್ನ ಹೆಂಡತಿ ನನ್ನನ್ನೇ ದಿಟ್ಟಿಸಿ ನೋಡಿ ಏನೋ ಗೊಣಗಿಕೊಂಡರೆ ನಾನು ಬೇಗ ಬೇಗ ಉಂಡು ಏಳುತ್ತಿದ್ದೆ. ಸಾಂಟಾ ಕ್ಲಾರಾದವರು ತಮ್ಮ ಹೆಂಡತಿ ಕ್ಲಾಸಿಗೆ ಸೇರಿದ ವಾರವೇ ಹೋಗಿ ವ್ಯಾನು ತಂದರು. ನನ್ನ ಹೆಂಡತಿ ಆಫೀಸಿನ ಮೀಟಿಂಗಿನಲ್ಲಿ ತನ್ನ ಮ್ಯಾನೇಜರಿಗೆ, ನಿಮ್ಮ ಪ್ಲಾನು ‘ನೆಬ್ಯುಲಸ್’ ಆಗಿದೆ, ಮಂಜಿನ ಹಾಗೆ ತಲೆಬುಡವಿಲ್ಲ ಎಂದು ಹೇಳಿ ಬಂದಳು. ಪ್ರಮೋಶನ್ನು ಬರಲಿಲ್ಲ, ಆದರೆ ಅವತ್ತು ರಾತ್ರಿ ಅವಳು ಹಾಡಿಕೊಂಡು ಪಾತ್ರೆ ತೊಳೆದಳು. ಸ್ವಲ್ಪ ದಿನದಲ್ಲಿ ಮಕ್ಕಳೂ ಅಮ್ಮಂದಿರ ಹಿಂದೆ ಹಿಂದೆಯೇ ಬಂದು ಸೇರಿಕೊಂಡರು.

ಹೀಗೆ ಎಷ್ಟೋ ವರ್ಷ ನಡೆಯಿತು. ಅಕ್ಕೋರು ಹಾಸಿಗೆ ಹಿಡಿದದ್ದು ಈ ವರ್ಷ. ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಬಂದು, ನೀವು ಈಗ ‘ಸ್ಟೇಬಲ್’ ಆಗಿದ್ದೀರಿ ಎಂದು ಸಮಾಧಾನ ಹೇಳಿದನಂತೆ. ಸಾಕ್ಷಿ ಏನು ಎಂದು ಕೇಳಿದರಂತೆ ಅಕ್ಕೋರು. ಅವನು ತಬ್ಬಿಬ್ಬಾಗಿ ಕಾಗದ ತಿರುವಿ ಹಾಕಿದನಂತೆ. ಎರಡು ವಾರದ ಮೇಲೆ ಹೋಗಿಬಿಟ್ಟರು. ಮನಸ್ಸಿಗೆ ಬಹಳ ಬೇಜಾರಾಯಿತು, ಇನ್ನೂ ಆಗುತ್ತಿದೆ. ಅದನ್ನು ಸುತ್ತಿ ಬಳಸಿ ಹೇಳುವುದಕ್ಕೆ ನನಗೂ ಬರುವುದಿಲ್ಲ.

ಅವರು ಹೋದ ಮೇಲಿನ ಮೊದಲ ಶನಿವಾರ ಎಲ್ಲರೂ ಆ ಅಡುಗೆಮನೆಯಲ್ಲಿ ಸೇರಿದರು. ನಾವು ಗಂಡಸರು ಹೆಂಡತಿಯರನ್ನು ಬಿಟ್ಟುಬರಲು ಹೋದವರು, ಹೊರಡಲು ಮನಸ್ಸಾಗದೆ ಹಾಲಿನಲ್ಲೇ ನಿಂತುಕೊಂಡೆವು. ಒಳಗೆ ಎಲ್ಲರೂ ಅಳುತ್ತಿದ್ದರು. ಇನ್ನು ಮುಂದೆ ಕ್ಲಾಸು ಯಾತಕ್ಕೆ, ಇದೇ ಕೊನೆಯಾಗಲಿ ಎಂದು ಯಾರೋ ಅಂದರು. ಮನೆಯಾಕೆ ಬಳಪ ತೆಗೆದುಕೊಂಡು ನೆಲಕ್ಕೆ ಬಾಗಿ ಒಂದು ಪದ ಬರೆದು, ಸುತ್ತ ಚೌಕ ಎಳೆದರು.

“ಈ ವಾರದ ಪದ ಬಿರೆಫ್ಟ್. ಬಹಳ ಬೇಕಾದ್ದನ್ನ ಕಳ್ಕೊಂಡು ಬರಿದಾಗಿ ಉಳಿದವರು ಅಂತ ಅರ್ಥ. ಯಾರನ್ನ ಕೂರಿಸೋಣ?”

ಮೊದಲು ಮೊಮ್ಮಗಳು ಎದ್ದುಹೋಗಿ ಚೌಕದೊಳಗೆ ಕೂತಳು. ಈಗ ಕಾಲೇಜಿನ ಹುಡುಗಿ ಅವಳು. ಅವಳ ಪಕ್ಕದಲ್ಲಿ ಅವಳ ಅಮ್ಮ ಕೂತರು. ರಂಗೋಲಿಯ ಆಂಟಿ ಕೂತರು, ನನ್ನ ಹೆಂಡತಿ ಕೂತಳು. ಚೌಕ ತುಂಬಿಹೋಯಿತು. ಉಳಿದವರು ಗೆರೆಯ ಹೊರಗೆ ಏನು ಮಾಡುವುದೆಂದು ತಿಳಿಯದೆ ನಿಂತಿದ್ದರು. ಮನೆಯಾಕೆ ಬಾಗಿಲ ಕಡೆ ತಿರುಗಿ ನಮ್ಮನ್ನು ನೋಡಿದರು.

“ನೀವೂ ಬನ್ನಿ. ಇವತ್ತು ಯಾರೂ ಸಾಕ್ಷಿ ಕೇಳಲ್ಲ. ಎಲ್ರೂ ಸ್ವಲ್ಪ ಸ್ವಲ್ಪ ಜರುಗಿದ್ರೆ ಜಾಗ ಆಗುತ್ತೆ.”

ನನ್ನ ಹೆಂಡತಿ ಸೀರೆ ಒತ್ತರಿಸಿಕೊಂಡು ಜರುಗಿದಳು. ನಾನು ಹೋಗಿ ಕೂತೆ.